ಕಾಡುಮೇಡಿನ ಹಾದಿಗೆ ಯಾವ ಬೈಕು?

ಪ್ರಶ್ನೆ: ಸಕಲೇಶಪುರದ ಕಡೆಯ ಮಣ್ಣುಹಾದಿಗಳಲ್ಲಿ ಓಡಿಸಲು ಬೈಕು ಕೊಳ್ಳಬೇಕೆಂದಿದ್ದೇನೆ. ಸಿಸಿ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಕಲ್ಲುಮಣ್ಣಿನ ಏರಿನಲ್ಲಿ ಸಿಸಿಗಿಂತ ತೂಕ ಮುಖ್ಯ. ಹಿಮಾಲಯನ್ 450 ಸುಮಾರು 196 ಕೆ.ಜಿ. ತೂಗುತ್ತದೆ, ಎಕ್ಸ್‌ಪಲ್ಸ್ 200 4ವಿ, 160ರ ಆಸುಪಾಸು. ಹೆದ್ದಾರಿಯಲ್ಲಿ ಈ ವ್ಯತ್ಯಾಸ ತಿಳಿಯದು. ಕೆಸರಿನಲ್ಲಿ ಬಿದ್ದ ಬೈಕನ್ನು ಒಬ್ಬರೇ ಎತ್ತಿ ನಿಲ್ಲಿಸುವಾಗ ತಿಳಿಯುತ್ತದೆ. ಹಾಗಾಗಿ ಹೊಸಬರಿಗೆ ನಾನು ಎಕ್ಸ್‌ಪಲ್ಸನ್ನೇ ಹೇಳುವುದು. ಮುಂದಿನ ಚಕ್ರ 21 ಇಂಚಿನದು, ಕಲ್ಲುಗುಂಡಿಗಳನ್ನು ಸಲೀಸಾಗಿ ದಾಟುತ್ತದೆ. ಸೀಟು ಮಾತ್ರ 825 ಮಿ.ಮೀ. ಎತ್ತರ, ಕೂತು ನೋಡಿಯೇ ಕೊಳ್ಳಿ.

ಕೊಂಡ ಮೇಲೆ ಮೊದಲ ಖರ್ಚು ಟೈರಿಗೆ. ಆಳವಾದ ಗುಬ್ಬಿಗಳಿರುವ ಟೈರು ಹಾಕಿಸಿ, ಮಣ್ಣಿಗಿಳಿದಾಗ ಗಾಳಿಯನ್ನು ಸುಮಾರು 20 ಪಿಎಸ್‌ಐಗೆ ಇಳಿಸಿ. ಇನ್ನೂ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಪಂಕ್ಚರ್ ಆಗುತ್ತದೆ. ಡಾಂಬರಿಗೆ ಮರಳಿದಾಗ ತುಂಬಿಸಲು ಪುಟ್ಟ ಪಂಪ್ ಜೊತೆಗಿರಲಿ. ಆಮೇಲೆ ಎಂಜಿನ್ ಅಡಿಗೆ ಗಟ್ಟಿ ಲೋಹದ ತಟ್ಟೆ, ಕೈಗಳಿಗೆ ಹ್ಯಾಂಡ್ ಗಾರ್ಡ್.

ಕಾಸಿಲ್ಲದ ಕೆಲಸವೊಂದಿದೆ, ಬಹಳ ಜನ ಮಾಡುವುದೇ ಇಲ್ಲ. ಎದ್ದು ನಿಂತು ಓಡಿಸುವಾಗ ಮಣಿಕಟ್ಟು ಮಡಚದಂತೆ ಕ್ಲಚ್, ಬ್ರೇಕ್ ಲಿವರುಗಳನ್ನು ತುಸು ಕೆಳಕ್ಕೆ ವಾಲಿಸಿ. ಅವುಗಳ ಬೋಲ್ಟನ್ನು ಕೈಯಿಂದ ಒತ್ತಿದರೆ ತಿರುಗುವಷ್ಟು ಮಾತ್ರ ಬಿಗಿ ಮಾಡಿ. ಬಿದ್ದಾಗ ಲಿವರು ಮುರಿಯುವ ಬದಲು ತಿರುಗಿಕೊಳ್ಳುತ್ತದೆ.

ಏರು ಕಷ್ಟವಾದರೆ ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸಿ. ಸೈಲೆನ್ಸರ್ ಮಾತ್ರ ಬದಲಿಸಬೇಡಿ, ಆ ಸದ್ದು ಊರಿನವರಿಗೂ ಪ್ರಾಣಿಗಳಿಗೂ ಹಿಂಸೆ. ಮೀಸಲು ಅರಣ್ಯಕ್ಕೆ ಇಲಾಖೆಯ ಅನುಮತಿ, ತೋಟದ ದಾರಿಗೆ ಮಾಲೀಕರ ಒಪ್ಪಿಗೆ ಪಡೆದೇ ಹೋಗಿ.