ನಿಮಗಿದು ಗೊತ್ತೆ? ಅಬಿಸೀನಿಯಾಕ್ಕೆ ಹೋದ ದಂಡಿನ ಪಡೆ

ಬೆಂಗಳೂರಿನ ರಸೆಲ್ ಮಾರುಕಟ್ಟೆ ತಲೆಯೆತ್ತಿದ್ದು 1927ರಲ್ಲಿ. ಅದಕ್ಕೂ ಸುಮಾರು ಅರವತ್ತು ವರ್ಷ ಮೊದಲೇ ದಂಡುಪ್ರದೇಶದ ಪಡೆಯೊಂದು ಆಫ್ರಿಕದ ಚಕ್ರವರ್ತಿಯ ಮೇಲೆ ದಂಡೆತ್ತಿ ಹೋಗಿತ್ತು! ಮಾರುಕಟ್ಟೆಗೆ ಸಮೀಪದ ಹಲಸೂರು ಕೆರೆಯ ಬಳಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯದು.

ಅಬಿಸೀನಿಯಾ, ಅಂದರೆ ಇಥಿಯೋಪಿಯಾದ ಚಕ್ರವರ್ತಿ ಎರಡನೇ ತೆವೊಡ್ರೊಸ್ 1862ರಲ್ಲಿ ವಿಕ್ಟೋರಿಯಾ ರಾಣಿಗೆ ಪತ್ರ ಬರೆದ. ಉತ್ತರವೇ ಬರಲಿಲ್ಲ. ಸಿಟ್ಟಾದವನು ಬ್ರಿಟಿಷ್ ಕಾನ್ಸಲ್‌ನನ್ನೇ ಸೆರೆಗೆ ತಳ್ಳಿದ. ಒಂದು ಮಾರೋಲೆ ಬರೆದಿದ್ದರೆ ಯುದ್ಧವೇ ತಪ್ಪುತ್ತಿತ್ತೇನೋ! ಸೆರೆಯಾದವರನ್ನು ಬಿಡಿಸಲು ಹೊರಟದ್ದು ಸುಮಾರು 13,000 ಸೈನಿಕರು. ಸಾಮಾನು ಹೊರಲು ಭಾರತದ 44 ಆನೆಗಳು. ಬೆಟ್ಟದ ದಾರಿ ಕಡಿಯುವಂಥ ಕೆಲಸವೇ ಸ್ಯಾಪರ್‌ಗಳ ಕಸುಬು.

1868ರ ಏಪ್ರಿಲ್ 13ರಂದು ಚಕ್ರವರ್ತಿಯ ಮಗ್ದಲ ಕೋಟೆ ಬಿತ್ತು. ಸೆರೆಯಾಗಲೊಪ್ಪದ ತೆವೊಡ್ರೊಸ್ ಗುಂಡು ಹಾರಿಸಿಕೊಂಡು ಸತ್ತ. ಆ ಪಿಸ್ತೂಲು ಹಿಂದೆ ವಿಕ್ಟೋರಿಯಾ ರಾಣಿಯೇ ಕಳಿಸಿದ್ದ ಉಡುಗೊರೆ.