ಘಟ್ಟದ ರಸ್ತೆಯಲ್ಲಿ ಎರಡು ಗಾಲಿ

ಬೆಟ್ಟಗುಡ್ಡಗಳಲ್ಲಿ ಸೈಕಲ್ ತುಳಿಯುವವರಿಗೂ ಬೈಕ್ ಓಡಿಸುವವರಿಗೂ ಎತ್ತರಕ್ಕಿಂತ ಮುಖ್ಯವಾದದ್ದು ಏರು. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವೆ ಬರುವ ರಾಜೇಶ್ವರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮಲೆನಾಡಿನ ಆಗುಂಬೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, ಸುಮಾರು 650 ಮೀಟರ್. ಆದರೂ ರಾಜೇಶ್ವರದ ಸವಾರನಿಗೆ ತಾನು ಎತ್ತರದ ನೆಲದ ಮೇಲಿದ್ದೇನೆ ಎಂದು ಅನಿಸುವುದೇ ಇಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರು ಪದರಾಗಿ ಹರಡಿ ಗಟ್ಟಿಯಾದ ಲಾವಾ, ಅದರ ಮೇಲಿನ ಕೆಂಪು ಜಂಬಿಟ್ಟಿಗೆ ಸೇರಿ ಬೀದರ್ ಸೀಮೆಯನ್ನು ಬಹುಮಟ್ಟಿಗೆ ಸಮತಟ್ಟಾಗಿಯೇ ಉಳಿಸಿವೆ. ಮಾಂಜ್ರಾ ಹಿಡಿದ ಇಲ್ಲಿನ ಮಳೆನೀರು ಗೋದಾವರಿ ಸೇರಿ ಬಂಗಾಳಕೊಲ್ಲಿ ಮುಟ್ಟುವುದಕ್ಕೆ ನೂರಾರು ಕಿಲೋಮೀಟರ್ ಹರಿಯಬೇಕು. ಆಗುಂಬೆಯ ಪಶ್ಚಿಮದ ಅಂಚಿನಲ್ಲಿ ಅದೇ ಎತ್ತರ ಕೆಲವೇ ಕಿಲೋಮೀಟರುಗಳಲ್ಲಿ ಮುಗಿದುಹೋಗುತ್ತದೆ. ರಸ್ತೆ 14 ಹೇರ್‌ಪಿನ್ ತಿರುವುಗಳನ್ನು ಸುತ್ತಿ ಸೋಮೇಶ್ವರಕ್ಕೆ ಇಳಿಯುತ್ತದೆ.

ಏರನ್ನು ಎಂಜಿನಿಯರುಗಳು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. 100 ಮೀಟರ್ ಮುಂದೆ ಸಾಗುವಷ್ಟರಲ್ಲಿ ರಸ್ತೆ 7 ಮೀಟರ್ ಮೇಲೇರಿದರೆ ಅದು ಶೇ. 7ರ ಏರು. ಕೇಳುವುದಕ್ಕೆ ಸಣ್ಣ ಸಂಖ್ಯೆಯಾದರೂ ತುಳಿಯುವ ಕಾಲಿಗೆ ಇದು ದೊಡ್ಡದು. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ತೂಗುತ್ತಾರೆ ಎಂದಿಟ್ಟುಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗ ಕಾಯ್ದುಕೊಳ್ಳುವುದಕ್ಕೆ ಸುಮಾರು 85 ವಾಟ್ ಸಾಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎದುರುಗಾಳಿಯನ್ನು ಸೀಳುವುದಕ್ಕೆ, ಉಳಿದದ್ದು ಟೈರಿನ ಉರುಳಾಟಕ್ಕೆ ಖರ್ಚಾಗುತ್ತದೆ. ಶೇ. 7ರ ಏರಿನಲ್ಲಿ ಅದೇ ವೇಗ ಬೇಕೆಂದರೆ ಸುಮಾರು 390 ವಾಟ್ ಬೇಕು. ಅಷ್ಟು ಬಲವನ್ನು ತುಂಬ ಹೊತ್ತು ಕೊಡುವುದು ವೃತ್ತಿಪರ ಸ್ಪರ್ಧಿಗಳಿಗೆ ಮಾತ್ರ ಸಾಧ್ಯ. ವೇಗವನ್ನು 10 ಕಿಲೋಮೀಟರಿಗೆ ಇಳಿಸಿದರೆ ಬೇಡಿಕೆ ಸುಮಾರು 170 ವಾಟ್‌ಗೆ ಬರುತ್ತದೆ. ಅಭ್ಯಾಸವಿರುವ ಆರೋಗ್ಯವಂತರು ಅದನ್ನು ಒಂದು ಗಂಟೆ ನಿಭಾಯಿಸಬಲ್ಲರು. ಘಟ್ಟದಲ್ಲಿ ನಿಧಾನವಾಗಿ ಹೋಗುವುದು ಸೋಲಲ್ಲ, ಲೆಕ್ಕಕ್ಕೆ ಸರಿಯಾದ ನಡೆ.

ನಿಧಾನವಾಗಿ ತುಳಿಯಬೇಕಾದರೆ ಗೇರ್ ಇರಬೇಕು. ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುವ ಗಟ್ಟಿ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಬಯಲಿಗೆ ಇದು ಹೇಳಿ ಮಾಡಿಸಿದ ಅನುಪಾತ. ಶೇ. 7ರ ಏರಿನಲ್ಲಿ ಮಾತ್ರ ಪೆಡಲ್ ಮೇಲೆ ಸರಾಸರಿ 32 ಕಿಲೋ ತೂಕದಷ್ಟು ಒತ್ತಡ ಬೀಳುತ್ತಲೇ ಇರಬೇಕಾಗುತ್ತದೆ, ಮಂಡಿಗೆ ಅದು ಶಿಕ್ಷೆ. ಪೆಡಲಿನ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು ತಿರುಗುವ ಗೇರಿಗೆ ಬಂದರೆ ಒತ್ತಡ 13 ಕಿಲೋಗೆ ಇಳಿಯುತ್ತದೆ. ಒಟ್ಟು ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚು ಸುತ್ತುಗಳಲ್ಲಿ ಹಂಚಿಹೋಗುತ್ತದೆ ಅಷ್ಟೇ. ಬೆಂಗಳೂರಿನ ಸೈಕಲ್ ಸವಾರರು ಬೆಳಗಿನ ಜಾವ 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಏರುವುದು, 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸೈಕಲ್ ಯಾತ್ರೆಯವರು ಮಸಿನಗುಡಿಯಿಂದ ಊಟಿಯ ಕಡೆಗೆ 36 ಹೇರ್‌ಪಿನ್ ತಿರುವುಗಳ ಕಲ್ಹಟ್ಟಿ ಘಟ್ಟ ಹತ್ತುವುದು, ಎರಡೂ ಈ ಹಂಚಿಕೆಯ ಬಲದಿಂದಲೇ.

80 ಕಿಲೋ ತೂಕವನ್ನು 1,000 ಮೀಟರ್ ಮೇಲಕ್ಕೆ ಒಯ್ಯುವುದಕ್ಕೆ 784 ಕಿಲೋಜೂಲ್ ಶಕ್ತಿ ಬೇಕು. ಸ್ನಾಯುಗಳು ಅನ್ನದ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ತುಸು ಕಡಿಮೆಯನ್ನಷ್ಟೇ ಚಲನೆಯಾಗಿಸುತ್ತವೆ. ಹಾಗಾಗಿ ದೇಹಕ್ಕೆ ಬೇಕಾಗುವುದು ಸುಮಾರು 800 ಕಿಲೋಕ್ಯಾಲರಿ. ಇಷ್ಟನ್ನು ಒದಗಿಸುವುದಕ್ಕೆ ಸುಮಾರು 240 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ ಬೇಕು. ಚಲನೆಯಾಗದ ಮುಕ್ಕಾಲು ಪಾಲು ಮೈಯಲ್ಲಿ ಶಾಖವಾಗುತ್ತದೆ. ಅದನ್ನು ಹೊರಹಾಕುವ ದಾರಿ ಬೆವರು, ಗಂಟೆಗೆ ಮುಕ್ಕಾಲು ಲೀಟರಿಗೂ ಮಿಕ್ಕಿ. ಬೀದರ್, ಕಲಬುರಗಿಯ ಸವಾರರು ಇಲ್ಲಿ ಒಂದು ವಿಷಯ ಗಮನಿಸಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ತಮ್ಮೂರಿನ ಒಣಗಾಳಿಯಲ್ಲಿ ಬೆವರು ಬೇಗ ಆರಿ ಮೈಯನ್ನು ತಣಿಸುತ್ತದೆ. ಘಟ್ಟದ ಬುಡದಲ್ಲಿ ಬಿಸಿಲು ಅಷ್ಟಿಲ್ಲದಿದ್ದರೂ ಗಾಳಿಯ ತೇವದಿಂದಾಗಿ ಬೆವರು ಆರದೆ ತೊಟ್ಟಿಕ್ಕುತ್ತದೆ. ಏರಿನಲ್ಲಿ ವೇಗ ಕಡಿಮೆಯಿರುವುದರಿಂದ ಎದುರುಗಾಳಿಯ ನೆರವೂ ಸಿಗದು. ನೀರಿನ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಉಪ್ಪು–ಸಕ್ಕರೆ ಬೆರೆಸಿದ ನಿಂಬೆಹಣ್ಣಿನ ಪಾನಕ ಬೇಕಾಗುವುದು ಇದಕ್ಕಾಗಿಯೇ.

ಮೋಟಾರ್‌ಸೈಕಲ್ಲಿಗೆ ಏರು ಅಂಥ ಕಷ್ಟದ್ದಲ್ಲ, ಅದರ ಪರೀಕ್ಷೆ ನಡೆಯುವುದು ಇಳಿಜಾರಿನಲ್ಲಿ. ಬೈಕ್, ಇಬ್ಬರು ಸವಾರರು, ಸಾಮಾನು ಸೇರಿ 330 ಕಿಲೋ ಇದ್ದರೆ 1,000 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 0.9 ಯೂನಿಟ್ ವಿದ್ಯುತ್ತಿಗೆ ಸಮ. ವೇಗ ಹೆಚ್ಚಬಾರದು ಎಂದಾದರೆ ಇದಿಷ್ಟೂ ಎಲ್ಲಿಯಾದರೂ ಶಾಖವಾಗಿ ಹೋಗಲೇಬೇಕು. ಕ್ಲಚ್ ಹಿಡಿದು ಅಥವಾ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಆಸೆಗೆ ಬಿದ್ದವರು ಗಾಳಿಯ ಪಾಲು ಬಿಟ್ಟು ಉಳಿದ ಶಾಖವನ್ನೆಲ್ಲ ಬ್ರೇಕಿನ ಮೇಲೆ ಹೇರುತ್ತಾರೆ. ಡಿಸ್ಕ್ ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 4 ದರ್ಜೆಯ ಹೊಸ ಎಣ್ಣೆ 230 ಡಿಗ್ರಿವರೆಗೂ ಕುದಿಯದು, ತೇವ ಹಿಡಿದ ಮೇಲೆ ಈ ಮಿತಿ 155 ಡಿಗ್ರಿಗೆ ಕುಸಿಯಬಹುದು. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಹುಟ್ಟುತ್ತದೆ, ಬ್ರೇಕ್ ಹಿಡಿಕೆ ಸಡಿಲಾಗಿ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಡ್ರಮ್ ಬ್ರೇಕ್ ಕಾದರೆ ಡ್ರಮ್ಮೇ ಹಿಗ್ಗಿ ಪಟ್ಟಿಯ ಹಿಡಿತ ತಗ್ಗುತ್ತದೆ. ಸೈಕಲ್ಲಿನಲ್ಲಿ ರಿಮ್ ಒತ್ತುವ ಬ್ರೇಕ್ ಇದ್ದರೆ ಕಾದ ರಿಮ್ಮಿನ ಬಿಸಿಗೆ ಟ್ಯೂಬ್ ಒಡೆಯುವುದೂ ಉಂಟು.

ಇದಕ್ಕೆ ಪರಿಹಾರ ಗೇರಿನಲ್ಲೇ ಇದೆ. ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಚಾಲಕರ ಹಳೆಯ ಪಾಠ. ಆಕ್ಸಿಲರೇಟರ್ ಬಿಟ್ಟಾಗ ಸಣ್ಣ ಗೇರಿನ ಎಂಜಿನ್ ಗಾಳಿ ಎಳೆಯುವುದಕ್ಕೂ ಒಳಗಿನ ಘರ್ಷಣೆಗೂ ಗಾಲಿಯ ಶಕ್ತಿಯನ್ನೇ ಬಳಸಿಕೊಂಡು ಗಾಡಿಯನ್ನು ತಡೆಹಿಡಿಯುತ್ತದೆ. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿಯಂಥ ಎರಡು ಸ್ಟ್ರೋಕಿನ ಬೈಕುಗಳಲ್ಲಿ ಈ ತಡೆ ದುರ್ಬಲ. ಅವುಗಳಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೆ ಕೀಲೆಣ್ಣೆಯಾದ್ದರಿಂದ, ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಟ್ಟರೆ ಎಣ್ಣೆಯೂ ನಿಂತು ಎಂಜಿನ್ ಹಿಡಿದುಕೊಳ್ಳುವ ಅಪಾಯವಿತ್ತು. ಈಗಿನ ವಿದ್ಯುತ್ ಸ್ಕೂಟರುಗಳಲ್ಲಿ ಮೋಟಾರೇ ಜನರೇಟರಾಗಿ ಇಳಿಜಾರಿನ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಆದರೆ ಘಟ್ಟದ ನೆತ್ತಿಯಲ್ಲಿ ಬ್ಯಾಟರಿ ತುಂಬಿಕೊಂಡು ಹೊರಟರೆ ಆ ಶಕ್ತಿಗೆ ಒಳಗೆ ಜಾಗವಿರುವುದಿಲ್ಲ. ಬ್ರೇಕನ್ನು ಇಡೀ ದಾರಿಗೆ ಸವರುತ್ತ ಹೋಗುವುದಕ್ಕಿಂತ ತಿರುವಿನ ಮುಂಚೆ ಗಟ್ಟಿಯಾಗಿ ಹಿಡಿದು, ಮತ್ತೆ ಪೂರ್ತಿ ಬಿಟ್ಟು ತಣಿಯಗೊಡುವುದು ಎಲ್ಲ ಗಾಡಿಗಳಿಗೂ ಒಳ್ಳೆಯದು.

ತಿರುವಿನಲ್ಲಿ ಎರಡು ಗಾಲಿಯ ಗಾಡಿ ಒಳಕ್ಕೆ ವಾಲಲೇಬೇಕು. ಎಷ್ಟು ವಾಲಬೇಕು ಎಂಬುದನ್ನು ವೇಗದ ವರ್ಗವೂ ತಿರುವಿನ ತ್ರಿಜ್ಯವೂ ತೀರ್ಮಾನಿಸುತ್ತವೆ. 10 ಮೀಟರ್ ತ್ರಿಜ್ಯದ ಹೇರ್‌ಪಿನ್ನಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ 17 ಡಿಗ್ರಿಯಷ್ಟು ವಾಲಿಕೆ ಸಾಕು. 30ಕ್ಕೆ ಏರಿಸಿದರೆ 35 ಡಿಗ್ರಿ ಬೇಕು. ವೇಗ ಒಂದೂವರೆ ಪಟ್ಟಾದರೆ ಟೈರಿನ ಮೇಲಿನ ಅಡ್ಡಬಲದ ಬೇಡಿಕೆ ಎರಡೂಕಾಲು ಪಟ್ಟಾಗುತ್ತದೆ. ಒಣಗಿದ ಡಾಂಬರು ಇದನ್ನು ಹೇಗೋ ತಡೆದೀತು, ಒದ್ದೆ ಡಾಂಬರು ತಡೆಯದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ರಸ್ತೆಯಂಚಿನ ಪಾಚಿ, ಕೊಳೆತ ಎಲೆ, ಲಾರಿಗಳು ಚೆಲ್ಲಿದ ಡೀಸೆಲ್ ಸೇರಿದರೆ ಹಿಡಿತ ಇನ್ನೂ ಕಡಿಮೆ. ಚಾರ್ಮಾಡಿ ಘಟ್ಟದಲ್ಲಿ ಇದಕ್ಕೆ ಮಂಜೂ ಸೇರುತ್ತದೆ. 40 ಕಿಲೋಮೀಟರ್ ವೇಗದಲ್ಲಿ ಶೇ. 7ರ ಒದ್ದೆ ಇಳಿಜಾರಿನಲ್ಲಿ ಗಾಡಿ ನಿಲ್ಲುವುದಕ್ಕೆ ಸುಮಾರು 30 ಮೀಟರ್ ಬೇಕು. ಮಂಜಿನಲ್ಲಿ ಕಣ್ಣಿಗೆ ಕಾಣುವುದು 20 ಮೀಟರ್ ಮಾತ್ರ ಎಂದಾದರೆ ಆ ವೇಗಕ್ಕೆ ಅಲ್ಲಿ ಜಾಗವಿಲ್ಲ. 2019ರಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿರುವುದು ನಿಜವಾಗಿಯೂ ಜೀವ ಉಳಿಸುವ ಕ್ರಮ. ಬ್ರೇಕ್ ಹಿಡಿದಾಗ ಗಾಲಿ ಕಟ್ಟಿಕೊಂಡು ಜಾರದಂತೆ ಅದು ಕಾಯುತ್ತದೆ, ಒದ್ದೆ ರಸ್ತೆಗೆ ಇಲ್ಲದ ಹಿಡಿತವನ್ನು ಮಾತ್ರ ತಂದುಕೊಡಲಾರದು.

ಎತ್ತರದ ಪರಿಣಾಮ ಕರ್ನಾಟಕದಲ್ಲಿ ಅಲ್ಪ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 80. ಬುಡಕ್ಕಿಂತ ತುದಿಯಲ್ಲಿ ಚಳಿ ಹೆಚ್ಚು, ಪ್ರತಿ 1,000 ಮೀಟರಿಗೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಬೆವರಿನಿಂದ ತೊಯ್ದ ಅಂಗಿಯಲ್ಲೇ ಇಳಿಜಾರಿಗೆ ಬಿದ್ದ ಸೈಕಲ್ ಸವಾರ ನಡುಗುವುದು ಸಾಮಾನ್ಯ. ಕಾರ್ಬುರೇಟರ್ ಇರುವ ಹಳೆಯ ಬೈಕುಗಳಲ್ಲಿ ಗಾಳಿ ತೆಳುವಾದಂತೆ ಪೆಟ್ರೋಲಿನ ಪಾಲು ಹೆಚ್ಚಾಗಿ ಎಂಜಿನ್ ಉಸಿರುಕಟ್ಟುತ್ತದೆ. 2020ರ ಬಿಎಸ್-6 ನಿಯಮದೊಂದಿಗೆ ವ್ಯಾಪಕವಾದ ಇಂಧನ ಇಂಜೆಕ್ಷನ್ ಈ ಪ್ರಮಾಣವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೂ ತೆಳುಗಾಳಿಯಲ್ಲಿ ಬಲ ಕುಗ್ಗುವುದನ್ನು ಅದು ತಪ್ಪಿಸಲಾರದು.

ಹಿಮಾಲಯದ ಲೆಕ್ಕ ಬೇರೆ. 5,300 ಮೀಟರ್ ದಾಟಿದ ಖರ್ದುಂಗ್ ಲಾದಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ ಅರ್ಧ. ಎಂಜಿನ್ನಿಗೂ ಮನುಷ್ಯನಿಗೂ ಉಸಿರೊಂದಕ್ಕೆ ಸಿಗುವ ಆಮ್ಲಜನಕವೂ ಅರ್ಧವೇ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರಿನಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳನ್ನು ಎಷ್ಟು ಸಲ ಏರಿದರೂ ಲಡಾಖಿಗೆ ಬೇಕಾದ ಹೊಂದಾಣಿಕೆ ಮೈಗೆ ಬರುವುದಿಲ್ಲ, ಕಾಲಿನ ಬಲ ಮತ್ತು ತಿರುವಿನ ಕೌಶಲ ಮಾತ್ರ ಬರುತ್ತವೆ. ವಿಮಾನದಲ್ಲಿ ನೇರವಾಗಿ 3,500 ಮೀಟರ್ ಎತ್ತರದ ಲೇಹ್‌ಗೆ ಇಳಿದವರು ಮೊದಲ ಎರಡು ದಿನ ಗಾಡಿ ಮುಟ್ಟದೆ ವಿಶ್ರಾಂತಿ ಪಡೆಯಬೇಕು. 3,000 ಮೀಟರಿನ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ತಲೆನೋವಿನ ಜೊತೆಗೆ ವಾಂತಿ, ನಡಿಗೆಯಲ್ಲಿ ತೂರಾಟ ಅಥವಾ ಕುಳಿತಲ್ಲೇ ಏದುಸಿರು ಕಂಡರೆ ಬೆಳಗಾಗಲೆಂದು ಕಾಯದೆ ಜೊತೆಗಾರರು ಆ ಸವಾರನನ್ನು ಬೇರೆ ವಾಹನದಲ್ಲಿ ಕೂಡಲೇ ಕೆಳಗಿಳಿಸಿ ವೈದ್ಯರ ಬಳಿ ಕರೆದೊಯ್ಯಬೇಕು.