ಕಣಿವೆ, ಕೂಗು ಮತ್ತು ಪ್ರಭೇದ

ಮುಂಬಯಿಯ ಫೋರ್ಟಿನಲ್ಲಿರುವ ಹಾರ್ನ್‌ಬಿಲ್ ಹೌಸ್, 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನೆಲೆ. ಇಲ್ಲಿ ಸಹಸ್ರಾರು ಹಕ್ಕಿಗಳ ಚರ್ಮಗಳನ್ನು ಹೆಸರು, ಸ್ಥಳ, ದಿನಾಂಕಗಳ ಚೀಟಿ ಕಟ್ಟಿ ಕಾಪಿಡಲಾಗಿದೆ. ಈ ಸಂಸ್ಥೆಗೆ ಬಾಳನ್ನೇ ಮುಡಿಪಿಟ್ಟ ಸಾಲಿಂ ಅಲಿ ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮನ್ನರ ಬಳಿ ಕಲಿತವರು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ಅರ್ನ್ಸ್ಟ್ ಮೇಯರ್ 1942ರಲ್ಲಿ ಪ್ರಭೇದಕ್ಕೆ ಹೇಳಿದ ಲಕ್ಷಣ ಇಂದಿಗೂ ಚರ್ಚೆಯ ಕೇಂದ್ರದಲ್ಲಿದೆ: ತಮ್ಮೊಳಗೆ ಕೂಡಿ ಸಂತಾನ ಪಡೆಯುವ, ಅನ್ಯ ಗುಂಪುಗಳೊಡನೆ ಸಂತಾನಸಂಬಂಧವಿಲ್ಲದ ಜೀವಿಸಮೂಹವೇ ಪ್ರಭೇದ. ರೂಪಸಾಮ್ಯಕ್ಕಿಂತ ಸಂಬಂಧದ ಎಲ್ಲೆಯೇ ಇಲ್ಲಿ ಮುಖ್ಯ. (‘ಜಾತಿ’ ಎಂಬ ಪದ ಕನ್ನಡದಲ್ಲಿ ಬೇರೆಯೇ ಭಾರ ಹೊತ್ತಿರುವುದರಿಂದ ‘ಪ್ರಭೇದ’ವೇ ಲೇಸು.)

ಈ ಎಲ್ಲೆ ಮೂಡುವ ಬಗೆಗೆ ಪಶ್ಚಿಮ ಘಟ್ಟದಲ್ಲಿ ಒಳ್ಳೆಯ ನಿದರ್ಶನವಿದೆ. ಘಟ್ಟಸಾಲನ್ನು ಪಾಲಕ್ಕಾಡಿನ ಕಣಿವೆ ಸುಮಾರು 40 ಕಿಲೋಮೀಟರು ಅಗಲಕ್ಕೆ ಸೀಳುತ್ತದೆ. ಎತ್ತರದ ಶೋಲಾ ಕಾಡನ್ನು ಬಿಟ್ಟಿಳಿಯದ ಪುಟ್ಟ ನೀಲಿ ಹಕ್ಕಿಗೆ ಆ ತಗ್ಗು ಕಡಲಿಗೆ ಸಮ. ಬಾಬಾಬುಡನ್‌ಗಿರಿಯಿಂದ ನೀಲಗಿರಿಯವರೆಗಿನ ಹಕ್ಕಿಗೆ ಪಕ್ಕೆ ಕೆಂಗಂದು. ಕಣಿವೆಯ ದಕ್ಷಿಣದ ಅದರ ಬಂಧುವಿಗೆ ಆ ಕೆಂಪಿಲ್ಲ. ಒಂದೇ ಮೂಲದ ಕುಲ ಎರಡಾಗಿ ಒಡೆದು, ಒಂದರಲ್ಲಿ ತಲೆದೋರಿದ ಮಾರ್ಪಾಟು ಇನ್ನೊಂದಕ್ಕೆ ದಾಟದೆ, ದೀರ್ಘಕಾಲದಲ್ಲಿ ಎರಡು ಪ್ರಭೇದಗಳಾದವೆಂದು ವಿದ್ವಾಂಸರು ಭಾವಿಸುತ್ತಾರೆ. 2017ರಲ್ಲಿ ಇವಕ್ಕೆ ‘ಶೋಲಿಕೋಲ’ ಎಂಬ ಹೊಸ ಕುಲನಾಮವೂ ದೊರೆಯಿತು. ಆದರೆ ಒಂದು ತೊಡಕನ್ನು ಮರೆಯಬಾರದು. ಎಂದೂ ಎದುರಾಗದ ಹಕ್ಕಿಗಳು ಎದುರಾದರೆ ಕೂಡುತ್ತಿದ್ದವೇ? ಮೇಯರರ ಒರೆಗಲ್ಲು ಇಲ್ಲಿ ನೇರವಾಗಿ ಬಳಕೆಗೆ ಬಾರದು. ಬಣ್ಣ ಮತ್ತು ವಂಶವಾಹಿಗಳ ಅಂತರದಿಂದ ಊಹಿಸಬೇಕಾಗುತ್ತದೆ.

ಒಂದೇ ನೆಲೆಯಲ್ಲಿದ್ದೂ ಬೆರೆಯದವುಗಳ ಸಾಕ್ಷ್ಯ ಇದಕ್ಕಿಂತ ಬಲವಾದುದು. ಉತ್ತರ ಕನ್ನಡದ ತೊರೆಗಳಲ್ಲಿ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆ ಮೊಟ್ಟೆಗಳಿಗೆ ಮಣ್ಣು ಮೆತ್ತುತ್ತದೆ. ಹೆಸರು ಅದರಿಂದಲೇ ಬಂದದ್ದು. ನೆರೆಯ ಜೋಗದ ಕಪ್ಪೆ ಮಣ್ಣು ಮುಟ್ಟುವುದಿಲ್ಲ, ಅದರ ಕೂಗೂ ಬೇರೆ. ಕಪ್ಪೆಗಳಲ್ಲಿ ಹೆಣ್ಣು ಗಂಡನ್ನು ಗುರುತಿಸುವುದು ಬಹುಮಟ್ಟಿಗೆ ಕೂಗಿನಿಂದಲೇ; ಆದುದರಿಂದ ಕೂಗಿನ ಅಂತರವೇ ಗೋಡೆಯಾಗಬಲ್ಲದು. ಕೂಡಿದ ಮೇಲೂ ತಡೆಯುಂಟು: ಕುದುರೆ-ಕತ್ತೆಗಳಿಗೆ ಹುಟ್ಟುವ ಹೇಸರಗತ್ತೆ ಬಲಶಾಲಿಯಾದರೂ ಸಾಮಾನ್ಯವಾಗಿ ಬಂಜೆ.

ಭಾಷೆಗಳ ಕವಲೊಡೆಯುವಿಕೆಗೆ ಇದನ್ನು ಹೋಲಿಸುವುದು ಕನ್ನಡ ವಿದ್ಯಾರ್ಥಿಗಳಿಗೆ ಸಹಜ. ಹೋಲಿಕೆ ಸ್ವಲ್ಪ ದೂರ ಮಾತ್ರ ನಡೆಯುತ್ತದೆ. ತಮಿಳಿನಿಂದ ಬೇರ್ಪಟ್ಟ ಕನ್ನಡ ಸಂಸ್ಕೃತ, ಮರಾಠಿ, ಪಾರಸಿಗಳಿಂದ ಧಾರಾಳವಾಗಿ ಪದಗಳನ್ನು ಪಡೆಯಿತು. ಬೇರ್ಪಟ್ಟ ಪ್ರಾಣಿಪ್ರಭೇದಗಳ ನಡುವೆ ಅಂಥ ಕೊಡುಕೊಳೆ ವಿರಳ.

ನೀಲಗಿರಿಯ ಆ ನೀಲಿ ಹಕ್ಕಿ ಇಂದು ಅಪಾಯದಂಚಿನ ಪಟ್ಟಿಯಲ್ಲಿದೆ. ದಕ್ಷಿಣದ ಬಂಧುವಿನ ಜೊತೆ ಒಂದೇ ಎಂದು ಎಣಿಸಿದ್ದ ಕಾಲದಲ್ಲಿ ಅದರ ನೆಲೆ ಎಷ್ಟು ಕಿರಿದೆಂಬುದು ಲೆಕ್ಕಕ್ಕೇ ಬರುತ್ತಿರಲಿಲ್ಲ.